ಹಸಿ ಹಲಸಿನ ಕುರ್ಚಿ

ಪೀಠೋಪಕರಣ ಡಿಸೈನ್ ಓದು ಮುಗಿಸಿ ಬಂದವಳೇ ಚಿಕ್ಕಲಸಂದ್ರದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದೆ. ತೊಂಬತ್ತರ ದಶಕದ ಕೊನೆ, ನನಗೆ ಇಪ್ಪತ್ತನಾಲ್ಕು. ಬೇಗೂರಿನ ಒಬ್ಬ ಆಚಾರ್ರು ಜೊತೆಗೆ ಬಂದರು. ಗಾಡಿ, ನೇಗಿಲು ಮಾಡುತ್ತಿದ್ದ ಮನೆತನ. ಹೊಲಗಳೆಲ್ಲ ಸೈಟುಗಳಾದ ಮೇಲೆ ಬಾಗಿಲು, ಕಿಟಕಿ ಮಾಡಿಕೊಂಡಿದ್ದರು. ನಾನು ಕಾಗದದ ಮೇಲೆ ಎಳೆದ ಗೆರೆಯನ್ನು ಅವರು ಮರದಲ್ಲಿ ನಿಲ್ಲಿಸುತ್ತಿದ್ದರು.

ಜಯನಗರದ ಒಂದು ಮನೆಯಿಂದ ಆರು ಊಟದ ಕುರ್ಚಿಗಳ ಆರ್ಡರ್ ಬಂತು. ಗೃಹಪ್ರವೇಶಕ್ಕೆ ಬೇಕಿತ್ತು. ಆಚಾರ್ರು ಹಲಸಿನ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದರು.

"ಇನ್ನೂ ಹಸಿ ಕಣಮ್ಮ. ಒಂದು ಬೇಸಿಗೆ ಕಾಯ್ಬೇಕು. ಕಾಲು ಇಷ್ಟು ಸಣ್ಣ ಮಾಡಿದ್ರೆ ಕೀಲೂ ಹಿಡಿಯಲ್ಲ."

"ಡೇಟ್ ಕೊಟ್ಟಾಗಿದೆ ಆಚಾರ್ರೇ. ಡ್ರಾಯಿಂಗ್‌ನಲ್ಲಿ ಇರೋ ಹಾಗೇ ಮಾಡಿ."

ಮಾಡಿದರು.

ಬೇಸಿಗೆಯಲ್ಲಿ ಫೋನ್ ಬಂತು. ಒಂದು ಕುರ್ಚಿಯ ಹಿಂಗಾಲು ಕಳಚಿ, ಮನೆಯಾಕೆಯ ತಾಯಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಇಬ್ಬರೂ ಹೋದೆವು. ಮುದುಕಿಯ ನರಳಾಟ ಒಳಕೋಣೆಯಿಂದ ಹಾಲ್‌ವರೆಗೂ ಕೇಳುತ್ತಿತ್ತು. ಮನೆಯಾಕೆ ಮುರಿದ ಕುರ್ಚಿ ತಂದಿಟ್ಟು, "ಯಾರು ಮಾಡಿದ್ದು ಇದನ್ನ?" ಅಂದರು.

"ಕೆಲಸ ಇವರದು," ಅಂದೆ. ಅಷ್ಟು ಬೇಗ ಹೇಗೆ ಬಾಯಿಗೆ ಬಂತೋ.

ಆಚಾರ್ರು ಒಂದು ಸಲ ನನ್ನ ಕಡೆ ನೋಡಿದರು. "ಹೌದಮ್ಮ, ನಾನೇ ಮಾಡಿದ್ದು," ಎಂದು ಒಳಕೋಣೆಯ ಕಡೆ ತಿರುಗಿ ಕೈ ಮುಗಿದರು. ಆಕೆ ಬಾಯಿಗೆ ಬಂದಂತೆ ಬೈದರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಮಾರನೆಯ ದಿನದಿಂದ ಅವರು ಶೆಡ್ಡಿಗೆ ಬರಲಿಲ್ಲ. ವಾರ ಬಿಟ್ಟು ಬೇಗೂರಿಗೆ ಹೋದೆ. ಜಗಲಿಯಲ್ಲಿ ಕೂರಿಸಿ, ನೀರು ಕೊಟ್ಟು, ನಿಧಾನವಾಗಿ ಹೇಳಿದರು.

"ಹಸಿ ಅಂತ ಗೊತ್ತಿದ್ದೂ ಉಳಿ ಹಾಕ್ದೆ, ಅದು ನನ್ನ ತಪ್ಪೇ. ಬೈಸ್ಕೊಂಡಿದ್ದಕ್ಕೆ ಬೇಜಾರಿಲ್ಲ. ಆದ್ರೆ ಗೊತ್ತಿದ್ದೂ ನೀವು ಸುಮ್ನಿದ್ರಿ. ಇನ್ನು ಜೊತೇಲಿ ಕೆಲಸ ಆಗಲ್ಲಮ್ಮ."

ಆಮೇಲೆ ಅವರು ಬೊಮ್ಮನಹಳ್ಳಿಯ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಕಾಂಕ್ರೀಟ್ ಸುರಿಯಲು ಹಲಗೆ ಬಡಿಯುವುದಕ್ಕೆ, ಸೇರಿಕೊಂಡರು ಅಂತ ಕೇಳಿದೆ.

ಒಂದು ವರ್ಷದ ಮೇಲೆ ಜಯನಗರದ ಆ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆ.

"ಅಮ್ಮ ಮತ್ತೆ ಏಳಲೇ ಇಲ್ಲ. ಹೋಗಿ ನಾಲ್ಕು ತಿಂಗಳಾಯ್ತು," ಅಂದರು ಮನೆಯಾಕೆ. "ಆ ಮನುಷ್ಯನಿಗೆ ಏನೇನೋ ಅಂದುಬಿಟ್ಟೆ. ಅವರ ಮನೆ ಎಲ್ಲಿ?"

ದಾರಿ ಹೇಳಿದೆ. ಆಕೆ ಹೋದರೋ ಇಲ್ಲವೋ ಗೊತ್ತಿಲ್ಲ. ನಾನಂತೂ ಮತ್ತೆ ಬೇಗೂರಿನ ಕಡೆ ಹೋಗಲಿಲ್ಲ.