ಎದುರಾಳಿಯ ಬೈಂಡರಿಗೆ ನಮಸ್ಕಾರ

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ಗಾದೆ ನಿಜವಾಗಿಬಿಟ್ಟರೆ ನನ್ನಂಥವರ ಗತಿ ಏನು? ಕಂಪನಿಗಳು ಷೇರುದಾರರಿಗೆ ಸುಳ್ಳು ಹೇಳಿದವೋ ಇಲ್ಲವೋ ಎಂದು ಜಗಳವಾಡುವುದೇ ನನ್ನ ಕಸುಬು. ಹಾಗೆಂದು ಕೈ ಬೀಸಿ ಗುಡುಗುವ ವಕೀಲೆಯನ್ನು ಊಹಿಸಿಕೊಳ್ಳಬೇಡಿ. ನಮ್ಮ ಜಗಳವೆಲ್ಲ ಕಾಗದದ ಮೇಲೆ. ವರ್ಷಗಟ್ಟಲೆ ನದಿಯಾಚೆಯ ಹೋಬೋಕನ್‌ನಿಂದ ಫೆರಿ ಹತ್ತಿ ಮ್ಯಾನ್‌ಹ್ಯಾಟನ್‌ಗೆ ಹೋಗಿ, ನಮ್ಮ ಸೀನಿಯರ್ ವಕೀಲರು ಕೋರ್ಟಿನಲ್ಲಿ ಆಡಬೇಕಾದ ಮಾತುಗಳನ್ನು ಬರೆದುಕೊಟ್ಟು ವಾಪಸಾಗುತ್ತಿದ್ದೆ. ಕೋರ್ಟಿಗೆ ಹೋದ ದಿನವೂ ನನ್ನ ಕೆಲಸ ಅವರ ಪಕ್ಕ ಕೂತು ಚೀಟಿ ದಾಟಿಸುವುದಷ್ಟೆ.

ಅಮ್ಮನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಅವಳು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ.

"ಇವತ್ತಾದ್ರೂ ಬಾಯಿ ಬಿಟ್ಯೇನೇ?"

"ಇಲ್ಲಮ್ಮ."

"ಮನೇಲಿ ಮಾತ್ರ ಲಾಯರ್ರು ನೀನು."

ಕೊನೆಗೊಮ್ಮೆ ಕಾಲ ಕೂಡಿಬಂತು. ನಿವೃತ್ತ ಶಿಕ್ಷಕರ ಪಿಂಚಣಿ ನಿಧಿಯೊಂದು ನಮ್ಮ ಕಕ್ಷಿದಾರ. ಔಷಧಿ ಕಂಪನಿಯೊಂದು ತನ್ನ ಹೊಸ ಮಾತ್ರೆ ಕೆಲಸ ಮಾಡುವುದಿಲ್ಲವೆಂದು ಗೊತ್ತಿದ್ದೂ ಷೇರುದಾರರಿಂದ ಮುಚ್ಚಿಟ್ಟಿತು ಎಂಬುದು ದೂರು. ಶುರುವಿನಲ್ಲೇ ಕೇಸನ್ನು ವಜಾ ಮಾಡಿ ಎಂದು ಕಂಪನಿ ಕೇಳಿತ್ತು. ವಾದವನ್ನು ಬರೆದ ಕಿರಿಯ ವಕೀಲರೇ ಬಂದು ಮಂಡಿಸಿದರೆ ಸಂತೋಷ ಎಂದು ಜಡ್ಜ್ ತಿಳಿಸಿದರು. ಸೀನಿಯರ್ ನನ್ನತ್ತ ತಿರುಗಿ, "ಬರೆದದ್ದು ನೀನು, ನೀನೇ ಮಾತಾಡು. ಕಷ್ಟವಾದರೆ ನಾನು ಎದ್ದು ಮುಂದುವರಿಸುತ್ತೇನೆ" ಎಂದರು. ಅವರ ಆ ಕೊನೆಯ ಮಾತೇ ನನ್ನನ್ನು ಹೆದರಿಸಿದ್ದು. ಅವರು ಒಮ್ಮೆ ಎದ್ದರೆ ನಾನು ಇನ್ನೊಮ್ಮೆ ಎದ್ದಂತೆಯೇ! ಮತ್ತೆ ಚೀಟಿ ದಾಟಿಸಿಕೊಂಡೇ ರಿಟೈರ್ ಆಗಬೇಕು.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಫೆರಿಯ ಮೇಲ್ಮಹಡಿಯಲ್ಲಿ ಗಾಳಿಗೆ ವಾದ ಮಂಡಿಸಿದೆ, ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಮಂಡಿಸಿದೆ. ಗಂಡನನ್ನು ಜಡ್ಜ್ ಮಾಡಿ ಕೂರಿಸಿದರೆ ಆತ ಮದುವೆಯಾದಾಗಿನಿಂದ ಬಾಕಿಯಿದ್ದ ಅಡ್ಡಪ್ರಶ್ನೆಗಳನ್ನೆಲ್ಲ ಅವತ್ತೇ ಕೇಳಿದ. ಮಗಳು ಹೋಮ್‌ವರ್ಕಿನಿಂದ ತಲೆಯೆತ್ತದೆ, "ಮಾಮ್, ಯು ನೀಡ್ ಟು ಬ್ರೀದ್" ಎಂದಳು.

ವಾದದ ದಿನ ಅಮ್ಮ ಮೈಸೂರು ರೇಷ್ಮೆ ಸೀರೆಯುಟ್ಟು, ಪಕ್ಕದ ಮನೆಯ ಆಂಟಿಯನ್ನೂ ಹೊರಡಿಸಿಕೊಂಡು ಕೋರ್ಟಿಗೆ ಬಂದಳು. ಹಿಂದಿನ ಬೆಂಚಿನಲ್ಲಿ ಕೂತು ಸುತ್ತ ನೋಡಿ, "ಇದೇನೇ, ಎಲ್ಲ ಇಷ್ಟು ಮೆತ್ತಗೆ ಮಾತಾಡ್ತಾರೆ? ಕೋರ್ಟೋ ಲೈಬ್ರರಿಯೋ?" ಎಂದಳು. ಆಂಟಿ ಅವಳ ಕೈ ಅದುಮಿ ಸುಮ್ಮನಿರಿಸಿದರು.

ಕಂಪನಿಯ ವಕೀಲರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿ ಕುಳಿತರು. ನನ್ನ ಸರದಿ ಬಂತು. ಮೊದಲ ನಾಲ್ಕು ಮಾತು ಹೇಗೋ ಬಂದವು. ಅಷ್ಟರಲ್ಲಿ ಜಡ್ಜ್ ಕನ್ನಡಕ ಕೆಳಗಿಳಿಸಿ, "ಕಂಪನಿಗೆ ಅದೇ ಹೊತ್ತಿಗೆ ಗೊತ್ತಿತ್ತೆಂದು ನೀವು ಹೇಗೆ ಹೇಳುತ್ತೀರಿ?" ಎಂದು ಕೇಳಿದರು. ಉತ್ತರ ನಾನೇ ಬರೆದದ್ದು, ಕಂಠಪಾಠವಾಗಿದ್ದದ್ದು. ಆದರೆ ತಲೆ ತೊಳೆದಿಟ್ಟ ಪಾತ್ರೆಯಾಗಿತ್ತು. ಪಕ್ಕದಲ್ಲಿ ಸೀನಿಯರ್ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು ಕೇಳಿಸಿತು.

ಗಾಬರಿಯಲ್ಲಿ ಒಂದು ಹೆಜ್ಜೆ ಹಿಂದಿಟ್ಟೆ. ಕಾಲಿಗೆ ಏನೋ ತಾಗಿತು. ಕಂಪನಿಯ ವಕೀಲರು ಪೋಡಿಯಂ ಬಳಿ ನೆಲದ ಮೇಲೆ ಮರೆತುಬಿಟ್ಟಿದ್ದ, ಕೇಸಿನ ಕಾಗದ ತುಂಬಿದ ದಪ್ಪ ಬೈಂಡರ್. ಯೋಚನೆಗೂ ಮುಂಚೆ ಕೈ ಹೊರಟಿತ್ತು. ಬಗ್ಗಿ ಅದನ್ನು ಮುಟ್ಟಿ, ಮುಟ್ಟಿದ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡುಬಿಟ್ಟೆ. ತುಂಬಿದ ಕೋರ್ಟಿನಲ್ಲಿ, ಎದುರಾಳಿಯ ಬೈಂಡರಿಗೆ!

ಕೋರ್ಟಿನ ಮಾತನ್ನೆಲ್ಲ ಟೈಪ್ ಮಾಡುತ್ತಿದ್ದ ಹೆಂಗಸಿನ ಬೆರಳುಗಳೂ ನಿಂತವು.

"ಏನಾಯಿತು, ಕೌನ್ಸೆಲ್?" ಎಂದರು ಜಡ್ಜ್.

ಪೆನ್ನು ಬಿತ್ತು ಎನ್ನಬಹುದಿತ್ತು. ನನ್ನ ಬಾಯಿಗೆ ನಿಜವೇ ಬಂತು. "ಯುವರ್ ಆನರ್, ಎದುರಿನವರ ಬೈಂಡರಿಗೆ ನನ್ನ ಕಾಲು ತಾಗಿತು. ಅಕ್ಷರವಿರುವ ಯಾವುದಕ್ಕೂ ನಾವು ಕಾಲು ತಾಗಿಸುವುದಿಲ್ಲ. ತಾಗಿದರೆ ಕ್ಷಮೆ ಕೇಳುತ್ತೇವೆ."

"ಅದು ಕ್ಷಮಿಸಿತೇ?"

"ಕ್ಷಮಿಸಿರಬೇಕು. ಆದರೆ ಅದರೊಳಗಿನ ವಾದವನ್ನು ನಾನು ಒಪ್ಪಲಾರೆ."

ಜಡ್ಜ್ ನಕ್ಕರು. ಬೈಂಡರಿನ ಒಡೆಯರೂ ನಕ್ಕರು. ನನಗೂ ನಗು ಉಕ್ಕಿತು, ನಗುವಿನ ಜೊತೆಗೇ ಉತ್ತರವೂ ಬಂತು. ಪ್ರಯೋಗ ನಡೆಸಿದ ವೈದ್ಯರು ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಹೇಳಿದ್ದು ಕಂಪನಿಯ ಮುಖ್ಯಸ್ಥರಿಗೇ; ಅದಾದ ಮೇಲೆಯೇ ಅವರು ಷೇರುದಾರರ ಮುಂದೆ ಮಾತ್ರೆಯನ್ನು ಹೊಗಳಿದ್ದು. ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಜಡ್ಜ್ ಕೇಳಿದ್ದಕ್ಕೂ ಹೇಳಿದೆ, ಕೇಳದ್ದಕ್ಕೂ ಹೇಳಿದೆ. ಅಯ್ಯೋ, ಎಂಥ ಸುಖ ಅದು! ಇಷ್ಟು ವರ್ಷ ಇದನ್ನು ಬೇರೆಯವರ ಬಾಯಿಗೆ ಹಾಕಿ ನಾನು ಸುಮ್ಮನೆ ಕೂತಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ಕೊನೆಗೆ ಜಡ್ಜ್, "ಸಾಕು ಕೌನ್ಸೆಲ್, ಒಪ್ಪಿಕೊಂಡವನನ್ನು ಇನ್ನೂ ಒಪ್ಪಿಸಬೇಡಿ. ಕೇಸು ಮುಂದುವರಿಯಲಿ" ಎಂದರು.

ತೀರ್ಪುಗಳನ್ನು ಓದಿ ಅಭ್ಯಾಸವಿತ್ತೇ ಹೊರತು ನನ್ನ ಮುಖ ನೋಡಿ ಯಾರೂ ತೀರ್ಪು ಹೇಳಿರಲಿಲ್ಲ. ಬೆಪ್ಪಾಗಿ ನಿಂತೇ ಇದ್ದೆ. ಸೀನಿಯರ್ ಪಿಸುದನಿಯಲ್ಲಿ ನೆನಪಿಸಿದ ಮೇಲೆ ಥ್ಯಾಂಕ್ ಯೂ ಹೇಳಿ ಕೂತೆ.

ಕಾರಿಡಾರಿನಲ್ಲಿ ಅಮ್ಮ ಓಡೋಡಿ ಬಂದಳು. "ಗೆದ್ಯೇನೇ?"

"ಗೆಲ್ಲೋದು ದೂರ ಇದೆ ಅಮ್ಮ. ಕೇಸು ಈಗ ಶುರು ಆಯ್ತು ಅಷ್ಟೆ."

ಅಮ್ಮ ಒಂದು ಕ್ಷಣ ಯೋಚಿಸಿದಳು. ಆಮೇಲೆ ಅವಳ ಮುಖ ಅರಳಿತು.

"ಹಾಗಾದ್ರೆ ಇನ್ನೂ ಮಾತಾಡೋದಿದೆ ನಿಂಗೆ?"

ನಾನು ಸೀನಿಯರ್ ಕಡೆ ನೋಡಿದೆ. ಕನ್ನಡದ ಒಂದಕ್ಷರವೂ ತಿಳಿಯದ ಆ ಮನುಷ್ಯ ಅಮ್ಮನ ಮುಖ ನೋಡಿಯೇ ಪ್ರಶ್ನೆ ಏನೆಂದು ಊಹಿಸಿರಬೇಕು. ಅಮ್ಮನಿಗೆ ತಲೆಬಾಗಿ, ನನ್ನ ಕಡೆ ಕೈ ತೋರಿಸಿ, "ಇನ್ನು ಮೇಲೆ ಚೀಟಿ ದಾಟಿಸುವುದು ನಾನು" ಎಂದರು. ನಾನು ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಲು ಹೋದೆ. ಅಷ್ಟು ಹೊತ್ತು ಕೋರ್ಟಿನಲ್ಲಿ ಸೊಲ್ಲು ನಿಲ್ಲಿಸದ ನಾನು ಕೊನೆಗೆ ಅದನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ದಾಟಿಸಿದೆ.