ಆ್ಯಸಿಡ್ ಕುಡಿದ ಬೀಗರ ಕೊಳಗ

ರಬಕವಿಯಲ್ಲಿ ನಮ್ಮ ಮಾವನವರದು ನೂಲಿಗೆ ಬಣ್ಣ ಹಾಕುವ ಕೆಲಸ. ಅದಕ್ಕೆ ಬೇಕಾದ ಆ್ಯಸಿಡ್ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ. ಮಾವನವರಿಗೆ ಪ್ಲಾಸ್ಟಿಕ್ ಕಂಡರಾಗದು. ನನ್ನ ಮದುವೆಗೆ ಅಪ್ಪ ತನ್ನ ಹೆಸರು ಹಾಕಿಸಿ ಕೊಟ್ಟ ಸ್ಟೀಲ್ ಕೊಳಗವನ್ನು ಅಟ್ಟದಿಂದ ಇಳಿಸಿದರು.

“ಮಾವಾರ, ಸ್ಟೀಲ್ ತಡಿಯೂದಿಲ್ರಿ. ಬಂದ ಕ್ಯಾನಿನ್ಯಾಗ ಇರಲಿ,” ಎಂದೆ.

“ಸ್ಟೀಲಿಗೆ ಎಲ್ಲಿ ತುಕ್ಕು ಹಿಡಿತೈತಿ? ಸುಮ್ಮನಿರವಾ,” ಎಂದು ಸುರಿದೇಬಿಟ್ಟರು.

ಕೆಲವೇ ದಿನಗಳಲ್ಲಿ ತಳ ಜರಡಿಯಾಯಿತು. ತಪ್ಪು ಯಾರದು? ನನ್ನ ಅಪ್ಪನದು! “ನಮ್ಮ ಬೀಗರು ಎಂಥಾ ತೆಳ್ಳನ ಸ್ಟೀಲ್ ಕೊಟ್ಟಾರ ನೋಡ್ರಿ,” ಎಂದು ನೂಲು ತಂದ ನೇಕಾರರಿಗೆಲ್ಲ ಎತ್ತಿ ತೋರಿಸಿದರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಕ್ಯಾನು ಬಂದಾಗ, ಹಿಂದೊಮ್ಮೆ ಸಮಾಜದವರು ಸನ್ಮಾನ ಮಾಡಿ, ಮಾವನವರ ಹೆಸರು ಕೊರೆಸಿ ಕೊಟ್ಟಿದ್ದ ದಪ್ಪ ಸ್ಟೀಲ್ ಹಂಡೆಯನ್ನು ನಾನೇ ಹೊತ್ತು ತಂದಿಟ್ಟೆ. “ಇದು ಛಲೋ ಮನೆತನದ ಸ್ಟೀಲ್ ರೀ. ಇದರಾಗ ಹಾಕ್ರಿ.” ನೂಲು ತಂದು ನಿಂತಿದ್ದ ನೇಕಾರರ ಎದುರು ಮಾವನವರು ಒಲ್ಲೆನೆನ್ನಲಾಗದೆ ಸುರಿದರು. ಅದೂ ಸೋರಿತು.

ಈಗ ಆ್ಯಸಿಡ್ ಕ್ಯಾನಿನಲ್ಲೇ ಇರುತ್ತದೆ. ಹಂಡೆಯನ್ನು ತೊಳೆದು, ಮಣ್ಣು ತುಂಬಿ, ಕರಿಬೇವು ಹಚ್ಚಿ ಬಾಗಿಲ ಮುಂದೆ ಇಟ್ಟಿದ್ದೇನೆ, ಹೆಸರು ಬೀದಿಗೆ ಕಾಣುವಂತೆ.