ಹಣ್ಣು ಕೊಡದವರ ಮನೆಗೂ ಒಂದು ಬಾಟಲಿ

ನಿಮಗೆ ಸಾಮಾನು ತಂದುಕೊಡುವವರು ಸಾಮಾನಿನ ಜೊತೆಗೆ ಬೈಗುಳವನ್ನೂ ಹೊತ್ತು ತಂದದ್ದುಂಟಾ? ನನಗೆ ತರುತ್ತಿದ್ದರು, ನಮ್ಮ ಲೋಕಣ್ಣ.

ಕೊಟ್ಟಾರದಲ್ಲಿರುವ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ, ಶರಬತ್ತು ಮಾಡುತ್ತೇನೆ. ಹಣ್ಣು ಬರುವುದು ಗುರುಪುರದ ಆಚೆಯ ಮನೆಗಳಿಂದ. ಅಲ್ಲಿ ಇದಕ್ಕೆಂದೇ ತೋಟ ಮಾಡಿದವರಿಲ್ಲ. ಬಾವಿಯ ಹತ್ತಿರ ಒಂದು ಮರ, ದನದ ಹಟ್ಟಿಯ ಹಿಂದೆ ಇನ್ನೊಂದು. ಮನೆ ಮನೆಗೆ ಹೋಗಿ ಅದನ್ನೆಲ್ಲ ಒಟ್ಟು ಮಾಡಿ ಟೆಂಪೋದಲ್ಲಿ ತರುತ್ತಿದ್ದವರು ಲೋಕಣ್ಣ. ಹೆಗಲಿಗೆ ಬೆವರು ಒರೆಸುವ ಬೈರಾಸು, ಗೇಟಿನ ಹೊರಗೆ ಒಂದೇ ಒಂದು ಹಾರ್ನ್. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಕ್ರೇಟು ಇಳಿಸುವ ಮೊದಲೇ ಊರಿನ ವರದಿ ಶುರುಮಾಡುತ್ತಿದ್ದರು. ಶರಬತ್ತು ಕೊಟ್ಟರೆ ಮಾತ್ರ ಕೈ ಅಡ್ಡ.

"ಹುಳಿ ನನಗೆ ಆಗುವುದಿಲ್ಲ ಅಕ್ಕ. ಚಾ ಉಂಟಾ?"

ಮೊದಲ ವರ್ಷವೇ ಅವರದ್ದೊಂದು ಷರತ್ತು. ಹಣ್ಣು ಕೊಟ್ಟ ಪ್ರತಿ ಮನೆಗೂ ಅದರ ಶರಬತ್ತು ಒಂದು ಬಾಟಲಿ ವಾಪಸ್ ಹೋಗಬೇಕು.

"ರೇಟು ಕೊಟ್ಟಾಯ್ತಲ್ಲ ಲೋಕಣ್ಣ, ಮತ್ತೆ ಬಾಟಲಿ ಎಂತಕ್ಕೆ?" ಎಂದೆ.

"ಅವರ ಮರದ್ದು ಎಂತ ಆಯ್ತು ಅಂತ ಅವರಿಗೆ ಗೊತ್ತಾಗುವುದು ಬೇಡ್ವಾ ಮಾರಾಯ್ರೆ?"

ಬಾಟಲಿಗಳು ಹೋದವು, ದೂರುಗಳು ಬಂದವು. ಹೆಚ್ಚಿನವು ಕಲ್ಯಾಣಿ ಅಜ್ಜಿಯವು. ಆ ಕಡೆ ದೊಡ್ಡ ಮರಗಳು ಅಜ್ಜಿಯವು, ತೂಕದ ಮಾತೂ ಅವರದೇ. ಅವರು ಯಾರಿಗೆ ಹಣ್ಣು ಕೊಡುತ್ತಾರೋ ಸುತ್ತಲಿನ ಮನೆಯವರೂ ಅವರಿಗೇ ಕೊಡುತ್ತಿದ್ದರು.

"ಸಕ್ಕರೆ ಸುರಿದದ್ದು ಜಾಸ್ತಿ ಅಂತೆ. ಒಳಗೆ ಹಣ್ಣು ಎಲ್ಲುಂಟು ಅಂತ ಹುಡುಕಬೇಕಂತೆ," ಎಂದು ಲೋಕಣ್ಣ ಚಾ ಊದುತ್ತಾ ಹೇಳಿದರು.

ನನಗೆ ಉರಿಯಿತು. ಆದರೂ ಸಕ್ಕರೆ ಕಡಿಮೆ ಮಾಡಿದೆ. ನನ್ನ ಶರಬತ್ತು ಮಾರುವ ಬಲ್ಮಠದ ಅಂಗಡಿಯವರು ಇನ್ನೂ ಬೇಕೆಂದು ಮತ್ತೆ ಮತ್ತೆ ಕೇಳತೊಡಗಿದರು. ಮರುವರ್ಷ, ಮುಚ್ಚಳ ತೆಗೆಯಲಿಕ್ಕೆ ಅಜ್ಜಿಗೆ ಕತ್ತಿ ಬೇಕಾಯ್ತಂತೆ. ಮುಚ್ಚಳವನ್ನೂ ಬದಲಿಸಿದೆ. ಮುಖ ನೋಡಿರದ ಆ ಅಜ್ಜಿಗೆ ನಾನು ನನ್ನ ಅತ್ತೆಗಿಂತ ಹೆಚ್ಚು ಹೆದರುತ್ತಿದ್ದೆ.

ಹೀಗಿರುವಾಗ ಒಂದು ವರ್ಷ ಹೊರಗಿನ ಪಾರ್ಟಿಯೊಂದು ಮರದ ಬುಡಕ್ಕೇ ಪಿಕಪ್ ತಂದು ನಿಲ್ಲಿಸಿತು. ನನ್ನದಕ್ಕಿಂತ ಮೇಲಿನ ರೇಟು. ಕಲ್ಯಾಣಿ ಅಜ್ಜಿ ಕೊಟ್ಟುಬಿಟ್ಟರು, ಅವರ ಹಿಂದೆ ಅಕ್ಕಪಕ್ಕದವರೂ. ಲೋಕಣ್ಣನ ಟೆಂಪೋ ಅರ್ಧ ಖಾಲಿ ಬಂತು. ಮಳೆ ಬಿದ್ದ ಮೇಲೆ ಹಣ್ಣಿಲ್ಲ. ಇನ್ನೊಂದು ವರ್ಷ ಹೀಗೇ ಆದರೆ ನನ್ನ ಶೆಡ್ಡಿಗೆ ಬೀಗವೇ.

ಸಿಕ್ಕಿದ್ದರಲ್ಲಿ ಶರಬತ್ತು ಮಾಡಿದೆ. ಬಾಟಲಿ ಹಂಚಲು ಹೊರಟ ಲೋಕಣ್ಣ ಅಜ್ಜಿಯ ಮನೆಗೂ ಒಂದನ್ನು ಎತ್ತಿಟ್ಟುಕೊಂಡರು.

"ಹಣ್ಣು ಕೊಡದವರಿಗೂ ಬಾಟಲಿಯಾ? ನಿಮಗೆ ತಲೆ ಸರಿ ಉಂಟಾ?"

"ಅವರಿಗೇ ಮೊದಲು ಹೋಗ್ಬೇಕು ಅಕ್ಕ. ಅವರ ಹಣ್ಣಿಲ್ಲದೆ ಎಂತ ಆಯ್ತು ಅಂತ ಅವರಿಗೆ ಗೊತ್ತಾಗುವುದು ಮತ್ತೆ ಹೇಗೆ?"

ಸಂಜೆ ಬಂದು ಹೇಳಿದರು, "ಅಜ್ಜಿ ಹೇಳಿದ್ರು, ಈ ಸಲ ರುಚಿಯೇ ಇಲ್ಲ ಅಂತೆ." ಹೇಳುವಾಗ ಅವರ ಮುಖದಲ್ಲಿ ಎಂತದೋ ಖುಷಿ. ನನಗೆ ಅರ್ಥವಾಗಲಿಲ್ಲ.

ಮರುವರ್ಷ ಆ ಪಿಕಪ್ ಮತ್ತೆ ಬಂತಂತೆ. ಆದರೆ ಲೋಕಣ್ಣನ ಟೆಂಪೋದಲ್ಲಿ ಎಲ್ಲಕ್ಕಿಂತ ಮೇಲಿದ್ದ ಕ್ರೇಟು ಕಲ್ಯಾಣಿ ಅಜ್ಜಿಯದು. ಅಕ್ಕಪಕ್ಕದ ಮನೆಗಳ ಹಣ್ಣೂ ಹಿಂದೆಯೇ ಬಂತು. ಹೇಗೆ ಎಂದು ಕೇಳಿದರೆ ಲೋಕಣ್ಣ ಚಾ ಕೇಳಿದರು.

ಈ ವರ್ಷ ಹಣ್ಣೆಲ್ಲ ತಂದು ಮುಗಿಸಿದ ಲೋಕಣ್ಣ ಎದೆನೋವೆಂದು ಆಸ್ಪತ್ರೆಗೆ ಹೋದವರು ವಾಪಸ್ ಬರಲಿಲ್ಲ. ಹಂಚಬೇಕಾದ ಬಾಟಲಿಗಳು ಶೆಡ್ಡಿನಲ್ಲಿ ಉಳಿದವು. ಅವನ್ನು ಕಾರಿಗೆ ತುಂಬಿಸಿಕೊಂಡು ನಾನೇ ಹೊರಟೆ.

ಕಲ್ಯಾಣಿ ಅಜ್ಜಿ ನಾನು ಅಂದುಕೊಂಡಂತೆ ಇರಲಿಲ್ಲ. ಸಣ್ಣ ಜೀವ, ಮೆತ್ತಗಿನ ದನಿ. ಬಾಟಲಿ ಕೊಟ್ಟು, ಹೆದರಿಕೊಂಡೇ ಕೇಳಿದೆ, "ಸಕ್ಕರೆ ಈಗ ಸರಿ ಉಂಟಾ ಅಜ್ಜಿ?"

"ನನಗೆಂತ ಗೊತ್ತು ಮಗಾ? ನನಗೆ ಶುಗರ್. ಇದರ ಒಂದು ಹನಿ ಕುಡಿದದ್ದಿಲ್ಲ."

"ಮತ್ತೆ ಬಾಟಲಿ?"

"ಲೋಕನಿಗೇ ಮಾಡಿ ಕೊಡ್ತಿದ್ದೆ, ದಣಿದು ಬಂದವ ಅಲ್ವಾ. ಇಲ್ಲೇ ಜಗಲಿಯಲ್ಲಿ ಕೂತು ಎರಡು ಗ್ಲಾಸ್ ಕುಡಿಯುತ್ತಿದ್ದ. ಹುಳಿ ಅಂದ್ರೆ ಅವನಿಗೆ ಜೀವ."

ನಾನು ಜಗಲಿಯ ಮೇಲೆ ಕೂತುಬಿಟ್ಟೆ. "ಹಾಗಾದ್ರೆ ನಿಮ್ಮ ಹಣ್ಣು ಇಲ್ಲದ ವರ್ಷ, ರುಚಿಯೇ ಇಲ್ಲ ಅಂತ ಹೇಳಿದ್ದು?"

"ನಾನಾ? ಹೇಳಿ ಕಳಿಸಿದ್ದು ನೀನಲ್ವಾ? ಅಜ್ಜಿಯ ಹಣ್ಣಿಲ್ಲದೆ ಬಣ್ಣವೇ ಬರ್ಲಿಲ್ಲ, ಅಕ್ಕ ಊಟ ಬಿಟ್ಟು ಕೂತಿದ್ದಾರೆ ಅಂತ. ಅಷ್ಟು ಹೇಳಿದ ಮೇಲೆ ಬೇರೆಯವರಿಗೆ ಕೊಡ್ಲಿಕ್ಕೆ ಮನಸ್ಸು ಬರ್ತದಾ?"

ಊಟ ಬಿಡುವ ಜಾತಿಯೇ ನನ್ನದಲ್ಲ. ಹಾಗೆ ಹೇಳಿ ಕಳಿಸಿದ್ದೂ ಇಲ್ಲ ಎಂದೆ. ಮೊದಲು ನಕ್ಕದ್ದು ಅಜ್ಜಿ. "ಕಳ್ಳ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ಒಳಗೆ ಹೋಗಿ ಒಂದು ಗ್ಲಾಸ್ ಶರಬತ್ತು ಮಾಡಿ ತಂದರು. "ಕುಡಿದು ಸರಿಯಾಗಿ ಹೇಳು. ಹೇಳುವವ ಈಗ ಇಲ್ಲ. ಬರುವ ವರ್ಷ ಹಣ್ಣಿಗೂ ನೀನೇ ಬಾ."

ಕುಡಿದೆ. ಸಕ್ಕರೆ ಒಂದು ಚೂರು ಜಾಸ್ತಿಯೇ ಇತ್ತು.

ನಿಮ್ಮ ವ್ಯಾಪಾರದ ನಡುವೆ ನಿಂತು, ಆ ಕಡೆಗೊಂದು ಈ ಕಡೆಗೊಂದು ಸುಳ್ಳು ಹೇಳಿ ಎರಡೂ ಮನೆ ಉಳಿಸಿದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ ಮಾರಾಯ್ರೆ. ಒಂದೊಂದನ್ನೂ ಓದುತ್ತೇನೆ.